ರೆಡಿ ಆಗದ ಗಾಡಿ

ಶಿವಾನಂದನ ಗಾಡಿಯಲ್ಲಿ ಆ ಹಳದಿ ದೀಪ ಹತ್ತಿದ್ದು ಶ್ರಾವಣದ ಎರಡನೆಯ ಸೋಮವಾರ. ಸ್ಟೇರಿಂಗಿನ ಹಿಂದೆ, ಇಂಜಿನ್ನಿನ ಚಿತ್ರವಿರುವ ಬಟಾಣಿ ಕಾಳಿನಷ್ಟು ದೀಪ. ಗಾಡಿ ಓಡುತ್ತಿತ್ತು, ಹೊಗೆ ಕಾಣುತ್ತಿರಲಿಲ್ಲ, ಸದ್ದೂ ಬದಲಾಗಿರಲಿಲ್ಲ. ಹಿಂದಾಗಿದ್ದರೆ ಅವನು ಅದರ ಮೇಲೊಂದು ದೇವರ ಸ್ಟಿಕರ್ ಅಂಟಿಸಿ ಸುಮ್ಮನಾಗಿಬಿಡುತ್ತಿದ್ದ. ಆದರೆ ಅವನು ಗಾಡಿ ಬಾಡಿಗೆಗೆ ಬಿಟ್ಟಿದ್ದ ಗಚ್ಚಿಬೌಲಿಯ ಕಂಪನಿಯವರು ಆ ವರ್ಷದಿಂದ ಹೊಸ ಕಾನೂನು ತಂದಿದ್ದರು. ನೌಕರರನ್ನು ಕರೆತಂದು ಬಿಡುವ ಬಾಡಿಗೆ ಗಾಡಿಗಳೆಲ್ಲ ಆರು ತಿಂಗಳಿಗೊಮ್ಮೆ ಹೊಗೆ ಪರೀಕ್ಷೆ ಪಾಸಾಗಬೇಕು. ಹಿಂದಿನ ಕೊಳವೆಗೆ ನಳಿಗೆ ತೂರಿಸಿ ನೋಡುವುದಷ್ಟೇ ಅಲ್ಲ, ಸ್ಟೇರಿಂಗಿನ ಕೆಳಗೆ ಒಂದು ಯಂತ್ರ ಚುಚ್ಚಿ ಗಾಡಿಯ ಹೊಟ್ಟೆಯೊಳಗೆ ಏನೇನಿದೆಯೋ ಎಲ್ಲ ಓದುತ್ತಾರೆ. ಫೇಲಾದರೆ ಗಾಡಿ ಪಟ್ಟಿಯಿಂದ ಹೊರಗೆ. ಮನೆಯಲ್ಲಿದ್ದದ್ದು ಅದೊಂದೇ ಗಾಡಿ, ಮನೆ ನಡೆಯುತ್ತಿದ್ದದ್ದೂ ಅದರ ಮೇಲೆಯೇ.

ಮನೆಯೆಂದರೆ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ, ಒಂದು ಅಡುಗೆ ಮೂಲೆ, ಮುಂದೆ ಗಾಡಿ ನಿಲ್ಲುವಷ್ಟು ಜಾಗ. ಶಿವಾನಂದ, ಅವನ ಹೆಂಡತಿ ಸುಮಂಗಲಾ, ಇಂಟರ್ ಓದುವ ಮಗಳು ಭಾಗ್ಯಶ್ರೀ, ಮತ್ತೆ ಶಿವಾನಂದನ ತಂದೆ ಅಮರಯ್ಯ. ಅಮರಯ್ಯ ರಾಯಚೂರ ಕಡೆಯಿಂದ ಬಂದು ಮೂವತ್ತೊಂದು ವರ್ಷ ಸರಕಾರದ ಜೀಪು ನಡೆಸಿ ನಿವೃತ್ತನಾದ ಮನುಷ್ಯ. ಒಂದೂ ಆಕ್ಸಿಡೆಂಟ್ ಇಲ್ಲದ ಸರ್ವೀಸು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹಾಗೆ ಹೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಮುದುಕ ಮಗನ ಗಾಡಿಯನ್ನು ಹಿಂದೆ ತೆಗೆಯಲು ಹೋಗಿ ಗೇಟಿನ ಕಂಬಕ್ಕೆ ಗುದ್ದಿಸಿದ್ದ. ಕಣ್ಣಿನಲ್ಲಿ ಪೊರೆ ಬಂದದ್ದು ಆಮೇಲೆ ಗೊತ್ತಾಯಿತು. ಶಿವಾನಂದ ಗಲ್ಲಿಗೆಲ್ಲ ಕೇಳುವಂತೆ ಕೂಗಾಡಿದ. ಇನ್ನು ಮುಂದೆ ಗಾಡಿಗೆ ಕೈ ಹಚ್ಚಬೇಡ ಅಂದ. ಅಮರಯ್ಯ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಚೀಲ ಹಿಡಿದು ರಾಯಚೂರಿಗೆ, ಮಗಳ ಮನೆಗೆ ಹೋದವನು ನಾಲ್ಕು ತಿಂಗಳು ಬರಲಿಲ್ಲ. ಬೈದವನು ಮಗ, ಆದರೆ ಹೆಸರು ಕೆಟ್ಟದ್ದು ಯಾರದು? ಸುಮಂಗಲಾಳದು. ಸೊಸೆ ಮಾವನನ್ನು ಹೊರಗೆ ಹಾಕಿದಳೆಂದು ನಾದಿನಿ ಬೀಗರ ಮುಂದೆಲ್ಲ ಆಡಿದಳು. ಎರಡು ಮದುವೆಗಳಲ್ಲಿ ಹೆಂಗಸರು ಇವಳನ್ನು ಕಂಡು ಮಾತು ನಿಲ್ಲಿಸಿದ್ದರು. ಆ ಉರಿ ಅವಳ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

ದೀಪ ಹತ್ತಿದ ಮೂರನೆಯ ದಿನ ಶಿವಾನಂದ ಗಾಡಿಯನ್ನು ವಾಜಿದನ ಗ್ಯಾರೇಜಿಗೆ ಒಯ್ದ. ಹೊಗೆ ಹೋಗುವ ದಾರಿಯಲ್ಲೊಂದು ವಾಲ್ವು ಮಸಿ ಕಟ್ಟಿಕೊಂಡಿತ್ತು. ವಾಜಿದ ಅದನ್ನು ಬಿಚ್ಚಿ ತೊಳೆದು ಕೂರಿಸಿದ, ತನ್ನ ಸ್ಕ್ಯಾನರ್ ಹಚ್ಚಿ ಒಳಗೆ ದಾಖಲಾಗಿದ್ದ ದೋಷವನ್ನು ಅಳಿಸಿದ. ದೀಪ ಆರಿತು. ಆದರೆ ಕೆಲಸ ಮುಗಿಯಲಿಲ್ಲ. ದೋಷ ಅಳಿಸಿದರೆ ಅದರ ಜೊತೆ ಗಾಡಿಯ ನೆನಪೂ ಅಳಿಸಿಹೋಗುತ್ತದಂತೆ. ಇನ್ನು ಅದು ತನ್ನ ಒಂದೊಂದೇ ಭಾಗವನ್ನು ತಾನೇ ಪರೀಕ್ಷೆ ಮಾಡಿಕೊಂಡು, ಇದು ಸರಿ, ಇದೂ ಸರಿ ಎಂದು ಮತ್ತೆ ಬರೆದುಕೊಳ್ಳಬೇಕು. ಅದಕ್ಕೆ ಐದಾರು ದಿನ ಬೇಕು. ಗಾಡಿ ರಾತ್ರಿಯೆಲ್ಲ ತಣ್ಣಗೆ ನಿಂತಿರಬೇಕು, ಬೆಳಿಗ್ಗೆ ಚಾಲೂ ಮಾಡಿ ಎರಡು ನಿಮಿಷ ಹಾಗೆಯೇ ಬಿಡಬೇಕು, ಟ್ಯಾಂಕಿನಲ್ಲಿ ಅರ್ಧ ಡೀಸೆಲ್ ಇರಬೇಕು, ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಎಪ್ಪತ್ತರ ಸ್ಪೀಡಿನಲ್ಲೇ ಒಂದೇ ಸಮನೆ ಓಡಿಸಬೇಕು. ಆವಾಗ ಯಂತ್ರದಲ್ಲಿ ಎಲ್ಲ ಸಾಲಿನ ಮುಂದೂ 'ರೆಡಿ' ಅಂತ ಬರುತ್ತದೆ.

"ಗಾಡಿ ರೆಡಿ ಹೋನಾ ಭಾಯ್, ಫಿರ್ ಲೇಕೆ ಜಾವ್," ಅಂದನಂತೆ ವಾಜಿದ. ಗಾಡಿ ರೆಡಿ ಆಗಲಿ, ಆಮೇಲೆ ಪರೀಕ್ಷೆಗೆ ಒಯ್ಯಿ ಅಂತ.

ಆ ಸಂಜೆ ರೊಟ್ಟಿ ಮುರಿಯುತ್ತ ಶಿವಾನಂದ ಇದನ್ನೆಲ್ಲ ಮನೆಯಲ್ಲಿ ಹೇಳಿದ. ಅವನ ಗಾಡಿಯ ಪರೀಕ್ಷೆ ಮುಂದಿನ ವಾರದ ಶುಕ್ರವಾರ, ಇನ್ನೂ ಒಂಬತ್ತು ದಿನವಿತ್ತು. ದೀಪ ಆರಿದ ಖುಷಿಯಲ್ಲಿ ಅವನ ಮನಸ್ಸು ಹಗುರಾಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಗಾಡಿಯ ಮಾತಿನಲ್ಲಿ ಅಪ್ಪನನ್ನು ಸೇರಿಸಿಕೊಂಡ.

"ಅಪ್ಪಾ, ಒಂಬತ್ತು ದಿನದಾಗ ಗಾಡಿ ರೆಡಿ ಆಗಬೇಕು ನೋಡು. ನೀನೂ ಒಂದೀಟು ಕಾಳಜಿ ತಗೋ."

"ಆತಪ್ಪ," ಅಂದ ಅಮರಯ್ಯ. "ರೆಡಿ ಇಡೋಣು. ಅದೇನು ನನಗ ಹೊಸಾದಲ್ಲ."

ಮುದುಕನ ಮುಖ ಅರಳಿದ್ದನ್ನು ಸುಮಂಗಲಾ ನೋಡಿದಳು. ಅವನ ತಾಟಿಗೆ ಕೇಳದೆಯೇ ಇನ್ನೊಂದು ಚಮಚ ಪುಂಡಿ ಪಲ್ಯ ಹಾಕಿದಳು. ಈ ಮನೆಯಲ್ಲಿ ಅಪ್ಪ ಮಗ ಒಂದು ಮಾತಿಗೆ ಕೂಡುವುದನ್ನು ನೋಡಲು ಅವಳು ಹರಕೆ ಹೊರುವುದೊಂದು ಬಾಕಿ ಇತ್ತು.

ಮಾರನೆಯ ದಿನದಿಂದ ಅಮರಯ್ಯನಿಗೆ ಹತ್ತು ವರ್ಷ ಕಡಿಮೆಯಾಯಿತು. ಶಿವಾನಂದನ ಪಾಳಿ ಬೆಳಗಿನ ಐದೂವರೆಗೆ ಶುರುವಾಗಿ ಸಂಜೆ ಏಳಕ್ಕೆ ಮುಗಿಯುತ್ತಿತ್ತು. ಬಂದವನು ಸ್ನಾನ ಮಾಡಿ, ಉಂಡು, ಒಂಬತ್ತರೊಳಗೆ ಮಲಗುತ್ತಿದ್ದ. ಅವನು ಸ್ನಾನಕ್ಕೆ ಹೋದ ಕೂಡಲೇ ಮುದುಕ ಬಕೆಟ್ಟು, ಹಳೆಯ ಬನಿಯನ್ ತುಂಡು ಹಿಡಿದು ಹೊರಗೆ ಹೋಗುತ್ತಿದ್ದ. ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತಿದ್ದುದರಿಂದ ಅವನ ಬಕೆಟ್ಟಿಗೂ ಸುಮಂಗಲಾಳ ಬಟ್ಟೆ ಒಗೆಯುವುದಕ್ಕೂ ಜಗಳ ಬೀಳುವಂತಿತ್ತು. ಅವಳು ಸುಮ್ಮನೆ ಒಂದು ಬಕೆಟ್ಟು ಎತ್ತಿಡತೊಡಗಿದಳು. ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಮುದುಕ ಆಗಲೇ ಎದ್ದು ಗಾಡಿಯಲ್ಲಿ ಕೂತು, ತನ್ನ ಕೈಗಡಿಯಾರ ನೋಡಿಕೊಂಡು ಗಾಡಿಯ ಗಡಿಯಾರಕ್ಕೆ ಟೈಮ್ ಕೂರಿಸುತ್ತಿರುತ್ತಿದ್ದ. ಭಾಗ್ಯಶ್ರೀ ನಕ್ಕಿದ್ದಳು, ಮುತ್ಯಾಗ ಸರಕಾರಿ ಟೈಮ್ ಬೇಕು ಅಂತ. ಸುಮಂಗಲಾ ಸುಲ್ತಾನ್ ಬಜಾರಿನ ಅಂಗಡಿಯಿಂದ ತಂದ ಸೀರೆಗಳಿಗೆ ಫಾಲ್ ಹಚ್ಚುತ್ತ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಮುದುಕರು ಕೈಗೊಂದು ಕೆಲಸ ಸಿಕ್ಕರೆ ಬದುಕುತ್ತಾರೆ ಎಂದು ಅವಳಿಗೆ ಅನ್ನಿಸಿತು.

ಶುಕ್ರವಾರ ಗಾಡಿ ಪಾಸಾಗಲಿಲ್ಲ. ಹೊಗೆ ಚೆನ್ನಾಗಿತ್ತು, ದೀಪ ಇರಲಿಲ್ಲ, ಆದರೆ ಯಂತ್ರದಲ್ಲಿ ಒಂದು ಸಾಲೂ ರೆಡಿ ಆಗಿರಲಿಲ್ಲ. ಸೂಪರ್‌ವೈಸರ್ ನಲಗೊಂಡದ ಕಡೆಯ ಹುಡುಗ, ಮರ್ಯಾದಸ್ಥ. ಇನ್ನಷ್ಟು ಓಡಿಸಿಕೊಂಡು ಬಾ, ಮುಂದಿನ ಶುಕ್ರವಾರ ಕಡೆಯ ಅವಕಾಶ, ಅಲ್ಲಿಯ ತನಕ ಗಾಡಿ ನಡೆಯಲಿ ಎಂದು ಚೀಟಿ ಬರೆದುಕೊಟ್ಟ. ಶಿವಾನಂದ ಮುಖ ಊದಿಸಿಕೊಂಡು ಮನೆಗೆ ಬಂದ. ಅವತ್ತು ಬೇಳೆ ತೆಳ್ಳಗಾಯಿತೆಂದು ಹೆಂಡತಿಗೆ ಬೈದ. ಪುಸ್ತಕ ತರಲು ಕೋಠಿಗೆ ಕರೆದೊಯ್ಯೆಂದು ಕೇಳಿದ ಮಗಳಿಗೆ, ಗಾಡಿ ನಿಮ್ಮಪ್ಪಂದಲ್ಲ ಕಂಪನೀದು ಅಂದ.

"ಅಪ್ಪಂದ ಗಾಡಿ, ಅಪ್ಪಂದಲ್ಲ ಅಂದರ ಹೆಂಗ?" ಅಂದಳು ಭಾಗ್ಯಶ್ರೀ.

"ಅವರು ಹೊರಗ ಹಾಕಿದ ದಿನ ಗೊತ್ತಾಗತೈತಿ, ಯಾರದು ಅಂತ."

ಭಾನುವಾರ ಅವನಿಗೇ ಒಂದು ಯೋಚನೆ ಬಂತು. ಊರೊಳಗೆ ಎಪ್ಪತ್ತರಲ್ಲಿ ಇಪ್ಪತ್ತು ನಿಮಿಷ ಹೋಗಲು ಜಾಗವೆಲ್ಲಿ? ಹತ್ತು ಹೆಜ್ಜೆಗೊಂದು ಬ್ರೇಕು. ಔಟರ್ ರಿಂಗ್ ರೋಡಿಗೇ ಹೋಗೋಣ, ಎಲ್ಲರೂ ಬರ್ರಿ ಅಂದ. ಸುಮಂಗಲಾ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡಳು. ಅಮರಯ್ಯನನ್ನು ಮಗ ಮುಂದಿನ ಸೀಟಿಗೆ ಕೂರಿಸಿದ. ಗಾಜಿನ ಕಟ್ಟಡಗಳೆಲ್ಲ ಹಿಂದೆ ಸರಿದು ಬಂಡೆಗಲ್ಲು, ಬಯಲು ಶುರುವಾದ ಮೇಲೆ ಮುಳ್ಳು ಎಪ್ಪತ್ತಕ್ಕೆ ನಿಂತಿತು. ಭಾಗ್ಯಶ್ರೀ ಹಿಂದಿನಿಂದ ಬಗ್ಗಿ ನಿಮಿಷ ಎಣಿಸುತ್ತಿದ್ದಳು. ಕಾಲು ಹಂಗ ಇಡು, ಎತ್ತಬ್ಯಾಡ, ಮುಂದಿನ ಲಾರಿ ಹೋಗಲಿ ಬಿಡು ಎಂದು ಮುದುಕ ಮೆಲ್ಲಗೆ ಹೇಳುತ್ತಿದ್ದ. ಮಗ ಸಿಡುಕದೆ ಕೇಳುತ್ತಿದ್ದ. ಒಂದು ಬೇವಿನ ಗಿಡದ ಕೆಳಗೆ ನಾಲ್ವರೂ ಕೂತು ಉಂಡರು. ನಿನ್ನ ಕಣ್ಣಿನ ಆಪರೇಶನ್ ಆಗಿ ಇಷ್ಟು ದಿನ ಆತು, ಪಾಸಾಗಲಿ, ಆಮ್ಯಾಲ ಇದ ರೋಡಿನ್ಯಾಗ ನೀ ಒಮ್ಮೆ ಹೊಡಿಯಂತಿ ಎಂದು ಶಿವಾನಂದ ಅಪ್ಪನಿಗೆ ಹೇಳಿದ. ಅಮರಯ್ಯ ಕೈ ತೊಳೆಯಲು ಎದ್ದು ಹೋದ. ಸುಮಂಗಲಾಳ ಕಣ್ಣು ತುಂಬಿ ಬಂದವು. ಸಂಜೆ ಮನೆ ಮುಟ್ಟಿದಾಗ ಬಾಗಿಲ ಮುಂದೆ ನಿಂತ ಗಾಡಿಗೆ ಅವಳೇ ಉಪ್ಪು ನಿವಾಳಿಸಿದಳು.

ವಿಷಯ ಅವಳ ಕಣ್ಣಿಗೆ ಬಿದ್ದದ್ದು ಗುರುವಾರ ನಸುಕಿನಲ್ಲಿ. ಹಾಲು ತರಲು ಹೊರಗೆ ಬಂದವಳು ನೋಡಿದರೆ, ಗಾಡಿಯ ಬಾನೆಟ್ ತೆರೆದಿತ್ತು. ಅಮರಯ್ಯ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಪಾನಾ ಹಾಕಿ ಏನೋ ಬಿಗಿಯುತ್ತಿದ್ದ. ಏನು ಮಾಡಾಕತ್ತೀರಿ ಮಾವಾರ ಎಂದು ಕೇಳಿದಳು.

"ಮಿನಸ್ ಹಾಕಾಕತ್ತೀನವ್ವ," ಅಂದ ಟಾರ್ಚ್ ತೆಗೆದು.

ಬ್ಯಾಟರಿಗೆ ಎರಡು ತಂತಿ ಇರುತ್ತವೆ, ಒಂದು ಪ್ಲಸ್ಸು, ಒಂದು ಮಿನಸ್ಸು. ದಿನಾ ಸಂಜೆ ಮಿನಸ್ ಬಿಚ್ಚಿಡುವುದು, ದಿನಾ ಬೆಳಿಗ್ಗೆ ಹಾಕುವುದು. ಅವನ ಇಲಾಖೆಯಲ್ಲಿ ಸಾಹೇಬರು ನಾಳೆ ಕ್ಯಾಂಪ್ ಐತಿ, ಗಾಡಿ ರೆಡಿ ಇಡು ಎಂದರೆ ಅರ್ಥ ಅದೇ ಆಗಿತ್ತಂತೆ. ಗಾಡಿ ತೊಳಿ, ಗಾಳಿ ನೋಡು, ನೀರು ನೋಡು, ರಾತ್ರಿ ಮಿನಸ್ ತೆಗೆ. ಕರೆಂಟು ಸೋರುವುದಿಲ್ಲ, ಕಳ್ಳ ಬಂದರೂ ಚಾಲೂ ಆಗುವುದಿಲ್ಲ. ಮೂವತ್ತೊಂದು ವರ್ಷ ಹಾಗೆ ಮಾಡಿ ಒಂದು ದಿನವೂ ಸಾಹೇಬರನ್ನು ನಿಲ್ಲಿಸಿದವನಲ್ಲ ಎಂದು ಹೇಳಿ ಅವನು ಬಾನೆಟ್ ಮುಚ್ಚಿ, ಗಡಿಯಾರಕ್ಕೆ ಟೈಮ್ ಕೂರಿಸಲು ಒಳಗೆ ಕೂತ. ಮಿನಸ್ ತೆಗೆದರೆ ಗಡಿಯಾರ ನಿಂತುಬಿಡುತ್ತದಂತೆ. ಸುಮಂಗಲಾ ಹೌದೇನು ಎಂದು ಹಾಲಿನ ಪಾಕೀಟು ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಏನು ಗೊತ್ತಿತ್ತು?

ಅದೇ ಸಂಜೆ ಶಿವಾನಂದ ವಾಜಿದನ ಹತ್ತಿರ ಹೋಗಿ ಬಂದ. ಬಚ್ಚಲಲ್ಲಿ ಕಾಲು ತೊಳೆಯುತ್ತಲೇ ಸಿಡಿಮಿಡಿಗೊಂಡು ಹೇಳಿದ, ಒಂದು ಸಾಲು ಮಾತ್ರ ರೆಡಿ ಆಗಿದೆಯಂತೆ, ಉಳಿದದ್ದೆಲ್ಲ ಹಾಗೆಯೇ ಖಾಲಿ.

"ಆ ವಾಜಿದಗ ತಲಿ ಕೆಟ್ಟೈತಿ. ಬ್ಯಾಟರಿ ವೈರ್ ಯಾರರ ತೆಗೀತಾರೇನು ಅಂತ ಕೇಳತಾನ. ವೈರ್ ತೆಗೆದರ ಎಲ್ಲಾ ಅಳಸಿ ಮತ್ತ ಮೊದಲಿನಿಂದ ಶುರು ಆಗತೈತಂತ. ನನ್ನ ಗಾಡಿ ವೈರ್ ಯಾರು ತೆಗೀತಾರ, ಬೆಕ್ಕು ಬಂದು ತೆಗೀತೈತೇನು?"

ಹಿಟ್ಟು ನಾದುತ್ತಿದ್ದ ಸುಮಂಗಲಾಳ ಕೈ ನಿಂತಿತು. ಬಾಯಿ ತೆರೆದಳು. ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಮಾವನ ಕೆಮ್ಮು ಕೇಳಿಸಿತು. ಅವನು ಮೊಮ್ಮಗಳಿಗೆ ಔಟರ್ ರಿಂಗ್ ರೋಡಿನ ಟೋಲು, ಕಿಲೋಮೀಟರು ಎಲ್ಲ ಲೆಕ್ಕ ಹಾಕಿ ಹೇಳುತ್ತಿದ್ದ. ಈಗ ಹೇಳಿದರೆ ಈ ಮನುಷ್ಯ ಒದ್ದೆ ಕಾಲಲ್ಲೇ ಹೊರಗೆ ಹೋಗಿ ಗಲ್ಲಿಗೆಲ್ಲ ಕೇಳುವಂತೆ ಕೂಗುತ್ತಾನೆ. ನಾಳೆಯೇ ಮುದುಕ ಚೀಲ ಹಿಡಿಯುತ್ತಾನೆ. ರಾಯಚೂರಿನಲ್ಲಿ ನಾದಿನಿ ಮತ್ತೆ ಶುರು ಮಾಡುತ್ತಾಳೆ, ಈ ಸಲ ಸೊಸೆಯೇ ಚಾಡಿ ಹೇಳಿ ಹೊರಗೆ ಹಾಕಿಸಿದಳಂತೆ ಎಂದು. ಈ ಸಲ ಅದು ಸುಳ್ಳೂ ಆಗಿರುವುದಿಲ್ಲ.

"ನಾಳೆ ಮತ್ತ ಹೆಂಗ್ರಿ?" ಎಂದಷ್ಟೇ ಕೇಳಿದಳು.

ನಾಳೆ ನಾಲ್ಕಕ್ಕೇ ಎದ್ದು ಇನ್ನೊಮ್ಮೆ ರಿಂಗ್ ರೋಡಿಗೆ ಹೋಗುತ್ತೇನೆ, ದೇವರು ಕಣ್ಣು ಬಿಟ್ಟರೆ ಆದೀತು, ಆಗಲೂಬಹುದು ಎಂದು ವಾಜಿದನೇ ಅಂದಿದ್ದಾನೆ ಅಂದ ಶಿವಾನಂದ. ಆ 'ಆಗಲೂಬಹುದು' ಎಂಬ ಮಾತನ್ನೇ ಸುಮಂಗಲಾ ಗಟ್ಟಿಯಾಗಿ ಹಿಡಿದುಕೊಂಡಳು. ಇವತ್ತೊಂದು ರಾತ್ರಿ ತಂತಿ ತೆಗೆಯದಂತೆ ನೋಡಿಕೊಂಡರೆ ಸಾಕು. ಪಾಸಾದ ಮೇಲೆ, ನಕ್ಕೊಂಡು, ಎಲ್ಲ ಹೇಳಿದರಾಯಿತು.

ಅವನು ಸ್ನಾನಕ್ಕೆ ಹೋದಾಗ ಅಮರಯ್ಯ ಎಂದಿನಂತೆ ಟಾರ್ಚ್ ಹುಡುಕಿದ. ಅವಳು ಬಾಗಿಲಲ್ಲಿ ನಿಂತು, ಇವತ್ತು ಮಿನಸ್ ತೆಗೀಬ್ಯಾಡ್ರಿ ಮಾವಾರ, ಅವರು ನಸುಕಿನ್ಯಾಗ ಲಗೂನ ಹೋಗತಾರ, ನಿಮಗ ನಿದ್ದಿ ಕೆಡತೈತಿ ಅಂದಳು. ಅದಕ್ಕೇನು, ನಾನು ಮೂರಕ್ಕೇ ಏಳುತ್ತೇನೆ ಎಂದ ಮುದುಕ. ಬ್ಯಾಡ್ರಿ, ನನ್ನ ಮಾತು ಕೇಳ್ರಿ ಎಂದು ಅವಳು ಮತ್ತೆ ಹೇಳಿದಾಗ ಅವನಿಗೆ ಸ್ವಲ್ಪ ಬೇಸರವಾಯಿತು. ಆದರೂ ಟಾರ್ಚ್ ಕೆಳಗಿಟ್ಟು ಹಾಸಿಗೆಗೆ ಹೋದ. ಸುಮಂಗಲಾ ಅಡುಗೆ ಮೂಲೆ ಒರೆಸಿ ದೀಪ ಆರಿಸಿದಳು. ಗಂಡನ ಪಕ್ಕ ಮಲಗಿ ಎರಡು ಸಲ ಅವನ ಭುಜದ ತನಕ ಕೈ ಒಯ್ದಳು. ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡಳು.

ಶುಕ್ರವಾರ ಶಿವಾನಂದ ಮಧ್ಯಾಹ್ನ ಒಂದಕ್ಕೇ ಮನೆಗೆ ಬಂದ. ಆ ಹೊತ್ತಿಗೆ ಅವನು ಎಂದೂ ಬಂದವನಲ್ಲ. ಮುಂದಿನ ಗಾಜಿನ ಮೇಲೆ ಕಂಪನಿಯ ಸ್ಟಿಕರ್ ಇದ್ದ ಜಾಗದಲ್ಲಿ ಬ್ಲೇಡಿನಿಂದ ಕೆರೆದ ಗುರುತಿತ್ತು. ಅವನು ಗೋಡೆಗೆ ಮುಖ ಮಾಡಿ ಮಲಗಿದ. ಸುಮಂಗಲಾ ಕೇಳುವ ಧೈರ್ಯ ಸಾಲದೆ ಸೀರೆ ಮುಂದಿಟ್ಟುಕೊಂಡು ಕೂತಳು, ಒಂದು ಫಾಲನ್ನು ಉಲ್ಟಾ ಹಚ್ಚಿ ಮತ್ತೆ ಬಿಚ್ಚಿದಳು.

ಸಂಜೆ ಎಲ್ಲರೂ ತಾಟಿನ ಮುಂದೆ ಕೂತಾಗ ಅವನೇ ಹೇಳಿದ. ಕಂಪನಿಯವರ ಯಂತ್ರ ದೊಡ್ಡದು, ನೆನಪು ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಅದು ತೋರಿಸುತ್ತದೆ. ಗಾಡಿ ಎರಡು ವಾರದ ಹಿಂದೆ ರಿಪೇರಿಯಾಗಿದೆ ಎಂದು ಇವನು ವಾಜಿದನ ಚೀಟಿ ತೋರಿಸಿದ್ದಾನೆ. ಯಂತ್ರದ ಲೆಕ್ಕದಲ್ಲಿ ಅಳಿಸಿದ್ದು ನಿನ್ನೆ. ದೋಷ ಮುಚ್ಚಿಡಲು ದಿನಾ ಅಳಿಸಿಕೊಂಡು ಬರುತ್ತಿದ್ದೀಯ, ಹೌದೋ ಅಲ್ಲವೋ ಎಂದು ಸೂಪರ್‌ವೈಸರ್ ಕೇಳಿದ. ಮೋಸ ಎಂದು ಬರೆದು ಕಳಿಸಿದರು. ಆ ಪಟ್ಟಿ ಉಳಿದ ಕಂಪನಿಗಳಿಗೂ ಹೋಗುತ್ತದೆ, ಗಚ್ಚಿಬೌಲಿಯಲ್ಲಿ ಇನ್ನು ಯಾರೂ ಈ ಗಾಡಿ ಇಟ್ಟುಕೊಳ್ಳುವುದಿಲ್ಲ.

"ಹನ್ನೆರಡು ಮಂದಿ ಡ್ರೈವರ್ ನಿಂತಿದ್ದರು," ಅಂದ ಶಿವಾನಂದ. "ಎಲ್ಲಾರ ಮುಂದ ಕಳ್ಳ ಅಂದಂಗ ಆತು. ನಾ ಅಳಸಿಲ್ಲಂದರ ಅಳಸಿದ್ದು ಯಾರು ಅಂತ ಕೇಳಿದ. ಏನು ಹೇಳಲಿ?"

ಅಮರಯ್ಯ ಬಾಯಿಗೆ ಒಯ್ದ ತುತ್ತನ್ನು ತಾಟಿಗೆ ಇಳಿಸಿದ.

"ಅಳಸೋದು ಅಂದರ ಹೆಂಗಪ್ಪ?"

"ಬ್ಯಾಟರಿ ವೈರ್ ತೆಗೆದರ ಅಳಸತೈತಂತ."

ಮುದುಕ ತಾಟನ್ನು ಪಕ್ಕಕ್ಕೆ ಸರಿಸಿದ.

"ನಾನಪ್ಪ," ಅಂದ. "ನಾ ದಿನಾ ಮಿನಸ್ ತೆಗೆದೀನಿ. ನೀ ರೆಡಿ ಇಡು ಅಂದಿದ್ದೆಲ್ಲ. ನಿನ್ನೆ ಒಂದಿನ ತೆಗೀಲಿಲ್ಲ. ಸುಮಂಗಲಾ ಬ್ಯಾಡ ಅಂದಳು."

ಸುಮಂಗಲಾ ಕಣ್ಣು ಮುಚ್ಚಿಕೊಂಡಳು. ಇನ್ನು ಕೂಗಾಟ ಶುರುವಾಗುತ್ತದೆ, ಮಾವ ಏಳುತ್ತಾನೆ, ಚೀಲ ಹಿಡಿಯುತ್ತಾನೆ ಎಂದು ಕಾದಳು. ಯಾವುದೂ ಆಗಲಿಲ್ಲ. ಶಿವಾನಂದ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎಡಗೈಯಿಂದ ಅಪ್ಪನ ಮೊಣಕಾಲು ಮುಟ್ಟಿ, ಉಣ್ಣಪ್ಪ, ಆಗಿದ್ದು ಆತು ಅಂದ. ಎರಡು ವಾರದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ದನಿಯೇ ಬೇರೆಯಾಗಿತ್ತು. ಅನಂತರ ಹೆಂಡತಿಯ ಕಡೆ ತಿರುಗಿದ.

"ನಿನಗ ಯಾವಾಗ ಗೊತ್ತಾತು?"

"ನಿನ್ನೆ," ಅಂದಳು. "ನೀವು ಬಚ್ಚಲದಾಗ ಹೇಳಿದಾಗ. ಮಾವಾರು ಮತ್ತ ಮನಿ ಬಿಟ್ಟು ಹೋದಾರು ಅಂತ..."

"ಅಪ್ಪಗ ಗೊತ್ತಿರಲಿಲ್ಲ," ಅಂದ ಶಿವಾನಂದ. "ನಿನಗ ಗೊತ್ತಿತ್ತು."

ಅಷ್ಟೇ. ಬೈಯಲಿಲ್ಲ, ತಾಟು ಒಗೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವಳೂ ನಾಲ್ಕು ಮಾತು ತಿರುಗಿ ಆಡುತ್ತಿದ್ದಳು. ಹೋದ ಸಲ ನೀವು ಬೈದದ್ದಕ್ಕೆ ನನ್ನ ಹೆಸರು ಕೆಟ್ಟಿತು, ಅದಕ್ಕೇ ಬಾಯಿ ಬಿಡಲಿಲ್ಲ ಎಂದು ಹೇಳುತ್ತಿದ್ದಳು. ಅವನು ಅದಕ್ಕೂ ಎಡೆ ಕೊಡಲಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಮೆಹದಿಪಟ್ಟಣಂ ಸ್ಟ್ಯಾಂಡಿನಲ್ಲಿ ಜಹೀರಾಬಾದ್, ಬೀದರ್ ಎಂದು ಕೂಗಿ ಸೀಟು ತುಂಬಿಸಿಕೊಂಡು ಹೋಗಿ ಬಂದ. ಅವಳು ಕಟ್ಟಿಕೊಟ್ಟ ಬುತ್ತಿ ಎರಡೂ ದಿನ ಹಾಗೆಯೇ ತಿರುಗಿ ಬಂತು.

ಸೋಮವಾರ ಅಮರಯ್ಯ ತಾನೇ ಹಟ ಹಿಡಿದ. ನಾ ಬಂದು ಹೇಳತೀನಿ, ತಪ್ಪು ನಂದು ಅಂತ ಹೇಳತೀನಿ, ಕೇಳದೆ ಏನು ಮಾಡತಾರ ಅಂದ. ಇಸ್ತ್ರಿ ಮಾಡಿದ ಅಂಗಿ ಹಾಕಿ, ವಿಭೂತಿ ಹಚ್ಚಿಕೊಂಡು ಮಗನ ಜೊತೆ ಗಚ್ಚಿಬೌಲಿಗೆ ಹೋದ. ಸುಮಂಗಲಾ ದಿನವೆಲ್ಲ ದೇವರ ಮುಂದೆ ದೀಪ ಆರದಂತೆ ಎಣ್ಣೆ ಹಾಕುತ್ತ ಕೂತಳು. ಗಾಡಿ ಪಟ್ಟಿಗೆ ಮರಳಿದರೆ ಅವನೂ ಮರಳಿಯಾನು ಎಂದು ಅವಳ ಆಸೆ.

ಇಬ್ಬರೂ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಗಾಡಿ ಪಟ್ಟಿಗೆ ಮರಳಿರಲಿಲ್ಲ. ಉಣ್ಣಲು ಕೂತ ಮೇಲೆ ಅಮರಯ್ಯನೇ ಎಲ್ಲವನ್ನೂ ಹೇಳಿದ. ತಪ್ಪು ಒಪ್ಪಿಕೊಂಡು ಬಂದ ಸಮಾಧಾನ ಅವನ ದನಿಯಲ್ಲಿತ್ತು.

"ಆ ಸೂಪರ್‌ವೈಸರ್ ಹುಡುಗ ಭಾಳ ಚಲೋ ಅದಾನವ್ವ. ನನಗ ಕುರ್ಚಿ ಹಾಕಿದ, ಚಾ ತರಿಸಿದ. ಎಲ್ಲಾ ಕೇಳಿ ಏನಂದ ಗೊತ್ತೇನು? ಅಜ್ಜಾ, ಶುಕ್ರವಾರ ಯಂತ್ರ ಹಚ್ಚೋಕಿಂತ ಮೊದಲ ಇಷ್ಟು ಒಂದು ಮಾತು ಹೇಳಿದ್ದರ ನಾ ಹಂಗ ಬರದು ಇನ್ನೊಂದು ವಾರ ಕೊಡತಿದ್ದೆ. ಈಗ ರಿಪೋರ್ಟ್ ಮ್ಯಾಲ ಹೋಗಿಬಿಟ್ಟೈತಿ, ನನ್ನ ಕೈಯಾಗಿಲ್ಲ ಅಂದ."

ಮುದುಕನ ಮಾತಿನಲ್ಲಿ ಕೊಂಕಿರಲಿಲ್ಲ. ತಾನು ಏನು ಹೇಳಿದೆನೆಂದೂ ಅವನಿಗೆ ತಿಳಿದಿರಲಿಲ್ಲ. ಗುರುವಾರ ಸಂಜೆ ಸುಮಂಗಲಾ ನುಂಗಿಕೊಂಡದ್ದು ಆ ಒಂದು ಮಾತನ್ನೇ. ಅವಳು ಬಿಸಿ ರೊಟ್ಟಿಯೊಂದನ್ನು ತೆಗೆದುಕೊಂಡು ಗಂಡನ ತಾಟಿಗೆ ಬಗ್ಗಿದಳು.

ಶಿವಾನಂದ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ. ತಲೆ ಎತ್ತದೆಯೇ ಮಗಳಿಗೆ ಹೇಳಿದ:

"ಭಾಗ್ಯಾ, ನೀ ಹಾಕವ್ವ."